ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಬೆಳಿಗ್ಗೆ ಎಂಟೂಕಾಲಿಗೆ ಮಾಸ್ಟರ ಕಾರು ಕಂಪೌಂಡರ ಮನೆ ಮುಂದಿನ ಹೂವಿನ ಕುಂಡವನ್ನು ಒಡೆದುಹಾಕಿತು. ಒಂದೇ ತಿಂಗಳಲ್ಲಿ ಇದು ನಾಲ್ಕನೆಯದು. ಮೊದಲ ಮೂರು ಹೋದಾಗ ಕಂಪೌಂಡರು "ಹೋಗ್ಲಿ ಬಿಡಿ ಮಾಸ್ಟ್ರೇ, ಮಣ್ಣಿಂದು ತಾನೆ" ಎಂದಿದ್ದರು. ಈ ಸಲ ಮಾಸ್ಟರೊಡನೆ ಒಂದು ಮಾತೂ ಆಡಲಿಲ್ಲ. ಒಡೆದ ಕುಂಡದಿಂದ ಗುಲಾಬಿ ಗಿಡವನ್ನು ಬೇರುಸಮೇತ ಎತ್ತಿ, ಕತ್ತು ಹಿಸುಕಿದ ಕೋಳಿಯ ಹಾಗೆ ಕೈಯಲ್ಲಿ ಇಳಿಬಿಟ್ಟುಕೊಂಡು, ನೆಟ್ಟಗೆ ಮಾಸ್ಟರ ಹೆಂಡತಿಯ ಬಳಿ ಹೋದರು. ಗಂಡನ ಮೇಲಿನ ದೂರನ್ನು ಹೆಂಡತಿಗೆ ಕೊಡಬೇಕೆಂದು ತಿಳಿಯಲು ಪಾಪ ಅವರಿಗೆ ಮೂರು ಕುಂಡ ಖರ್ಚಾಗಿದ್ದವು.

ಮಾಸ್ಟರು ಎಂದರೆ ಪಾಠ ಹೇಳುವ ಮೇಷ್ಟರಲ್ಲ, ಬಟ್ಟೆ ಹೊಲಿಯುವ ಮಾಸ್ಟರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೊಂದು ವರ್ಷ ಅದೇ ಕಿಟಕಿಯ ಪಕ್ಕ, ಅದೇ ಕಾಲಿನಲ್ಲಿ ತುಳಿಯುವ ಮಷೀನಿನ ಮುಂದೆ ಕೂತು ಬೀದಿಯವರ ಸೊಂಟದ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡವರು. ಹಗಲೆಲ್ಲ ಮಷೀನು ತುಳಿಯುವುದು, ಸಂಜೆ ಹೊಲಿದ ಬಟ್ಟೆ ಕೊಟ್ಟುಬರಲು ಸೈಕಲ್ಲು ತುಳಿಯುವುದು. "ಹುಟ್ಟಿದ ಮೇಲೆ ಈ ಕಾಲು ಸುಮ್ನೆ ಕೂತಿದ್ದೇ ಇಲ್ಲ. ಒಂದಿನ ನಾನು ಕೂತಿರ್ಬೇಕು, ಗಾಡಿ ತಾನಾಗೇ ಹೋಗ್ಬೇಕು" ಎಂಬುದು ಅವರ ಜೀವಮಾನದ ಆಸೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಆ ಆಸೆ ಕೈಗೂಡಿತು. ಎರಡು ತಿಂಗಳ ಹಿಂದೆ ಹಳೆಯದೊಂದು ನೀಲಿ ಕಾರು ಕೊಂಡರು. ಯಾರದೋ ಕೋಟಿಗೆ ತಂದು ಉಳಿದಿದ್ದ ಬೂದು ಬಟ್ಟೆಯಲ್ಲಿ, ಸಾಕಾಗುವುದೋ ಇಲ್ಲವೋ ಎಂಬಂತೆ ಎಳೆದು ಹೊಂದಿಸಿ, ಸೀಟಿಗೆ ತಾವೇ ಕವರು ಹೊಲಿದರು. ಮೊದಲ ದಿನ ಅದರಲ್ಲಿ ಕೂತಾಗ ಅವರಿಗೆ ಅಳುವೇ ಬಂದಿತ್ತು. ಕಣ್ಣಿಗೆ ನೂಲಿನ ಧೂಳು ಬಿತ್ತು ಎಂದು ಹೆಂಡತಿಗೆ ಹೇಳಿದ್ದರು.

ಡ್ರೈವಿಂಗನ್ನು ಅವರು ಬಾಮೈದನ ಹತ್ತಿರ ಕಲಿಯಬಹುದಿತ್ತು. ಬಾಮೈದ, ಎಂದರೆ ಹೆಂಡತಿಯ ತಮ್ಮ, ಪಕ್ಕದ ರಸ್ತೆಯ ತನ್ನ ಮನೆಯಲ್ಲೇ ಡ್ರೈವಿಂಗ್ ಸ್ಕೂಲು ಇಟ್ಟುಕೊಂಡಿದ್ದ. ಆದರೆ ತನ್ನ ಕೈಯಿಂದ ಚಡ್ಡಿ ಹೊಲಿಸಿಕೊಂಡು ಬೆಳೆದ ಹುಡುಗನಿಂದ ಪಾಠ ಹೇಳಿಸಿಕೊಳ್ಳುವುದೆಂದರೆ ಏನು? ಗಿರಾಕಿಯಾಗಿದ್ದ ಒಬ್ಬ ಲಾರಿ ಡ್ರೈವರನನ್ನು ಹಿಡಿದು ಬಯಲಿನಲ್ಲಿ ಕಲಿತರು. ಆ ಬಯಲಿನಲ್ಲಿ ಅವರು ಎಡಕ್ಕೆ ಸುತ್ತು ಹಾಕಿದ್ದೇ ಹಾಕಿದ್ದು. ಲಾರಿ ಡ್ರೈವರ್ ಮರದ ಕೆಳಗೆ ಮಲಗಿ "ಚೆನ್ನಾಗಿ ತಿರುಗಿಸ್ತೀರಿ ಮಾಸ್ಟ್ರೇ" ಎನ್ನುತ್ತಿದ್ದ.

ಅವರ ಬೀದಿ ಒಂದೇ ದಿಕ್ಕಿಗೆ ಹೋಗುವ ಬೀದಿ. ಹೊರಡುವಾಗ ಮಾತ್ರ ಅದರಲ್ಲಿ ಹೋಗಬಹುದು, ಬರುವಾಗ ಹಿಂದಿನ ರಸ್ತೆಯಿಂದ ಸುತ್ತಿ ಬರಬೇಕು. ಕಾರೋ ಸದಾ ಎಡಕ್ಕೇ ಎಳೆಯುತ್ತಿತ್ತು. ಹೀಗಾಗಿ ಎಡಸಾಲಿನ ಮನೆಯವರ ಪಾಲಿಗೆ ಮಾಸ್ಟರ ಕಾರು ಮಾರಿಯಾಗಿತ್ತು. ಬಲಸಾಲಿನವರಿಗೆ ಅದರಷ್ಟು ಒಳ್ಳೆಯ ಕಾರು ಇನ್ನೊಂದಿಲ್ಲ. ಬಲಸಾಲಿನ ಹಿರಿಯರು ನಿವೃತ್ತ ಹೆಡ್‌ಮಿಸ್ಸು. "ಎಷ್ಟು ಸೌಮ್ಯವಾದ ಗಾಡಿ" ಎಂದು ಅವರು ಹೇಳಿದಾಗಲೆಲ್ಲ ಎಡಸಾಲಿನ ಕಂಪೌಂಡರು ಕೆಮ್ಮುತ್ತಿದ್ದರು.

ಗ್ಯಾರೇಜಿನವನಿಗೆ ತೋರಿಸಿರಲಿಲ್ಲ ಎಂದಲ್ಲ. ಮೂರು ಸಲ ತೋರಿಸಿದ್ದರು. ಮೂರು ಸಲವೂ ಅವನು ಚಕ್ರಗಳನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡಿ "ಗಾಡೀಲಿ ಏನೂ ಇಲ್ಲ ಮಾಸ್ಟ್ರೇ, ನೆಟ್ಟಗಿದೆ" ಎಂದಿದ್ದ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಮಾಸ್ಟರು ಬೀದಿಗೆಲ್ಲ ಸಾರಿದ್ದರು. "ಇವನಿಗೆ ರೋಗ ಹುಡುಕೋಕೆ ಬರಲ್ಲ, ಗಾಡೀಲಿ ರೋಗಾನೇ ಇಲ್ಲ ಅಂತಾನೆ."

ನಾಲ್ಕನೆಯ ಕುಂಡ ಒಡೆದ ದಿನ ಹೆಂಡತಿ ಗುಲಾಬಿ ಗಿಡವನ್ನು ಬಕೆಟ್ಟಿನಲ್ಲಿ ನೆಟ್ಟು, ಕೈ ತೊಳೆದುಕೊಂಡು ಬಂದು ಮಾಸ್ಟರ ಎದುರು ನಿಂತಳು.

"ರೀ, ತಮ್ಮನಿಗೆ ಫೋನ್ ಮಾಡಿದೀನಿ. ಐದು ಗಂಟೆಗೆ ಬರ್ತಾನೆ."

"ಯಾಕೆ?"

"ಅವನ ಸ್ಕೂಲಿಗೆ ಹಳೇ ಗಾಡಿ ಒಂದು ಬೇಕಂತೆ. ನಮ್ಮ ಬಾಗಿಲಿಂದ ಆ ತುದೀಲಿರೋ ಟಪಾಲು ಡಬ್ಬಿವರೆಗೂ ಈ ಗಾಡಿ ನೆಟ್ಟಗೆ ಹೋದ್ರೆ ನಮ್ಮನೇಲೇ ಇರ್ಲಿ. ಇಲ್ಲಾಂದ್ರೆ ಅವನು ತಗೊಂಡು ಹೋಗ್ಲಿ. ಕಲಿಯೋರು ಹೇಗಿದ್ರೂ ಗುದ್ದೋರೇ ತಾನೆ."

ಹೆದರಿಕೆಯನ್ನು ಮುಖದ ಮೇಲೆ ತೋರಿಸುವ ಜಾತಿಯವರಲ್ಲ ಮಾಸ್ಟರು. ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಒಮ್ಮೆ ಝಾಡಿಸಿ ಮತ್ತೆ ಹಾಕಿಕೊಂಡರು.

"ಐದು ಗಂಟೆ ಯಾಕೆ, ಮೂರಕ್ಕೇ ಬರೋಕೆ ಹೇಳು. ಕೋಟು ಹೊಲಿಯೋನಿಗೆ ಕಾರು ಯಾವ ಲೆಕ್ಕ? ಕೋಟಿಗೆ ಹದಿನೇಳು ತುಂಡು, ಕಾರಿಗೆ ನಾಕೇ ಚಕ್ರ. ಅಂದ್ಹಾಗೆ ಇವತ್ತು ಮಧ್ಯಾಹ್ನ ತಮ್ಮನ ಮನೆಗೆ ಹೋಗಲ್ವಾ ನೀನು? ಎರಡು ತಿಂಗಳಿಂದ ಒಂದು ದಿನಾನೂ ತಪ್ಪಿಸಿಲ್ಲ."

"ಇವತ್ತು ಅವನೇ ಬರ್ತಾನಲ್ಲ" ಎಂದು ಹೆಂಡತಿ ಒಳಗೆ ಹೋದಳು.

ಮಾಸ್ಟರು ಕಾರಿನ ಬಾನೆಟ್ಟು ತೆರೆದರು. ಬೀದಿಯಲ್ಲಿ ಒಬ್ಬ ಬಾನೆಟ್ಟು ತೆರೆದರೆ ಸಾಕು, ಹತ್ತು ಜನಕ್ಕೆ ಕೆಲಸ ಸಿಕ್ಕ ಹಾಗೆ. ಮೊದಲು ಬಂದವರು ಕಂಪೌಂಡರು. ಮೂವತ್ತು ವರ್ಷ ಡಾಕ್ಟರರ ಪಕ್ಕದಲ್ಲಿ ನಿಂತು ಮಾತ್ರೆ ಕಟ್ಟಿಕೊಟ್ಟವರು. ತಮ್ಮ ಕೈಗೆ ಒಬ್ಬ ರೋಗಿಯೂ ಪೂರ್ತಿ ಸಿಗಲಿಲ್ಲ ಎಂಬ ಕೊರಗು ಅವರಿಗಿತ್ತು. ಕುಂಡದ ಕೋಪ ಮರೆತು, ಒಳಗೆ ಓಡಿ ಹಳೆಯ ಸ್ಟೆತಾಸ್ಕೋಪು ತಂದರು. ಆಮೇಲೆ ಬಂದವರು ಹೆಡ್‌ಮಿಸ್ಸು. ಅವರ ಕೈಯಲ್ಲಿ ಅಡಿಪಟ್ಟಿ ಇತ್ತು.

"ಕ್ರಮವಾಗಿ ಹೋಗೋಣ" ಎಂದರು ಹೆಡ್‌ಮಿಸ್ಸು. "ಮೊದಲು ಎಂಜಿನ್, ಆಮೇಲೆ ಚಕ್ರ. ತೊಂದರೆ ಏನೇನಿದೆ, ಹೇಳಿ."

"ಎಡಕ್ಕೆ ಎಳೆಯುತ್ತೆ. ಅದು ಬಿಟ್ರೆ ನಿಂತಾಗ ಗಡಗಡ ನಡುಗುತ್ತೆ, ಹೋಗುವಾಗ ಮುಗ್ಗರಿಸುತ್ತೆ. ಆಗಾಗ ಉಯ್ಯಾಲೆ ಥರ ಹಿಂದೆ ಮುಂದೆ ತೂಗುತ್ತೆ."

"ತೂಗೋದು ಗಾಡಿ ನಿಂತಾಗಲೋ, ಹೋಗುವಾಗಲೋ?"

"ಹೋಗುವಾಗ. ವಯಸ್ಸಾದ ಗಾಡಿ, ಅಷ್ಟು ಇರುತ್ತೆ" ಎಂದರು ಮಾಸ್ಟರು.

ಕಂಪೌಂಡರು ಸ್ಟೆತಾಸ್ಕೋಪಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. "ಸ್ಟಾರ್ಟ್ ಮಾಡಿ. ಹ್ಞಾಂ. ನಾಲ್ಕರಲ್ಲಿ ಒಂದು ಬಡಿತ ತಪ್ತಾ ಇದೆ. ಹೊಗೆ ಯಾವ ಬಣ್ಣ?"

ಹೆಡ್‌ಮಿಸ್ಸು ಹಿಂದೆ ಹೋಗಿ ನೋಡಿ "ಕಪ್ಪು" ಎಂದರು.

"ನೀಲಿ ಆಗಿದ್ರೆ ಆಯಿಲ್ ಸುಡ್ತಾ ಇದೆ ಅಂತ, ಬಿಳೀದು ಬರ್ತಾನೇ ಇದ್ರೆ ಒಳಗೆ ನೀರು ಸೇರಿದೆ ಅಂತ. ಕಪ್ಪು ಅಂದ್ರೆ ಉಂಡಿದ್ದು ಅರಗ್ತಾ ಇಲ್ಲ. ಪೆಟ್ರೋಲ್ ಜಾಸ್ತಿ ಆಯ್ತು, ಗಾಳಿ ಸಾಲ್ದು. ಮಾಸ್ಟ್ರೇ, ನಿಮ್ಮ ಗಾಡಿಗೆ ಮೂಗು ಕಟ್ಟಿದೆ."

ಗಾಳಿ ಸೋಸುವ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಮೂವರೂ ಬಗ್ಗಿ ನೋಡಿದರು. ಒಳಗೆ ಒಂದು ದಿಂಬಿಗಾಗುವಷ್ಟು ಜೂಲು. ಕೆಂಪು, ಬೂದು, ಹಳದಿ ನೂಲಿನ ಎಳೆಗಳು, ಹತ್ತಿಯ ಹೊಟ್ಟು. ಕಾರು ನಿಲ್ಲುತ್ತಿದ್ದುದು ಅಂಗಡಿಯ ಕಿಟಕಿಯ ಕೆಳಗೆ. ದಿನಾ ಸಂಜೆ ಮಾಸ್ಟರು ಮಷೀನಿನ ಚಿಂದಿಯನ್ನು ಝಾಡಿಸುತ್ತಿದ್ದುದೂ ಅದೇ ಕಿಟಕಿಯಿಂದ. ಹೆಡ್‌ಮಿಸ್ಸು ಎರಡು ಬೆರಳಲ್ಲಿ ಒಂದು ಹಸಿರು ಎಳೆ ಎತ್ತಿ ಹಿಡಿದರು.

"ಇದು ನನ್ನ ಸ್ವೆಟರ್ ಜೇಬಿನದು."

"ಇರಬಹುದು ಮಿಸ್" ಎಂದರು ಮಾಸ್ಟರು.

ಜೂಲು ಕಿತ್ತು, ಫಿಲ್ಟರ್ ಬಡಿದು ಚೊಕ್ಕಟ ಮಾಡಿದರು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿದಾಗ ಮೂರು ಕಂದು ಬಣ್ಣಕ್ಕಿದ್ದವು, ಒಂದು ಮಾತ್ರ ಕಾಡಿಗೆ ಬಳಿದುಕೊಂಡಿತ್ತು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿದರು. ಪ್ಲಗ್ಗಿನ ತುದಿಯ ಸಂದು ಒಂದು ಮಿಲಿಮೀಟರಿಗೆ ಚೂರು ಕಡಿಮೆ ಇರಬೇಕು ಎಂದು ಕಾರಿನ ಪುಸ್ತಕದಲ್ಲಿತ್ತು. ಕಂಪೌಂಡರು ಅಳೆಯುವ ಸಾಮಾನಿಗಾಗಿ ಯೋಚಿಸುತ್ತಿದ್ದಾಗ ಮಾಸ್ಟರು ಕಾಲರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಹದಿನಾಲ್ಕನೇ ನಂಬರಿನ ಮಷೀನ್ ಸೂಜಿ ತೆಗೆದು ಸಂದಿನಲ್ಲಿ ತೂರಿಸಿದರು. ಸರಿಯಾಗಿ ಕೂತಿತು. "ನೋಡಿದ್ರಾ" ಎನ್ನುವ ಹಾಗೆ ಸುತ್ತ ನೋಡಿದರು. ಆ ಹೊತ್ತಿಗೆ ಬೀದಿಯ ಅರ್ಧ ಜನ ಅಲ್ಲಿದ್ದರು.

ಈಗ ಸ್ಟಾರ್ಟ್ ಮಾಡಿದರೆ ಗಾಡಿ ಬೇರೆಯೇ ಗಾಡಿ. ನಡುಕ ಇಲ್ಲ, ಕಪ್ಪು ಹೊಗೆ ಇಲ್ಲ. ಟಕಟಕಟಕ ಎಂದು ಒಂದೇ ಸಮ, ಒಂದೇ ಲಯ.

"ನನ್ನ ಮಷೀನೇ ಕೂತಿದೆ ಒಳಗೆ" ಎಂದರು ಮಾಸ್ಟರು.

ಒಳಗಿನಿಂದ ಹೆಂಡತಿಯ ದನಿ ಬಂತು. "ರೀ, ಕಾರು ಬಿಟ್ಟು ಮಷೀನ್ ಮುಂದೆ ಯಾಕೆ ಕೂತ್ರಿ?"

ಬೀದಿಯವರೆಲ್ಲ ನಕ್ಕರು. ಮಾಸ್ಟರು ಇನ್ನೇನು ಗೆದ್ದೇಬಿಟ್ಟೆ ಎಂಬ ಠೀವಿಯಲ್ಲಿ ಹತ್ತಿ ಕೂತು ಗೇರು ಹಾಕಿದರು. ಇಪ್ಪತ್ತು ಮಾರು ನೆಟ್ಟಗೆ ಹೋದ ಕಾರು ಮೆಲ್ಲಗೆ, ಯಾರೋ ಕಿವಿ ಹಿಡಿದು ಎಳೆದ ಹಾಗೆ, ಎಡಕ್ಕೆ ವಾಲಿ ಕಂಪೌಂಡರ ಗೇಟಿಗೆ ಮೂಗು ಒತ್ತಿ ನಿಂತಿತು. ಮೊದಲಿಗಿಂತ ಹೆಚ್ಚೇ ಎಳೆದಿತ್ತು.

"ಎಂಜಿನ್ನಿಗೆ ಶಕ್ತಿ ಬಂತು, ರೋಗಕ್ಕೂ ಬಂತು" ಎಂದರು ಕಂಪೌಂಡರು ಗೇಟು ಸವರುತ್ತ.

ಹನ್ನೆರಡಾಯಿತು. ಊಟಕ್ಕೆ ಯಾರೂ ಹೋಗಲಿಲ್ಲ. ಕಂಪೌಂಡರು ಚಕ್ರದ ಗಾಳಿ ನೋಡಿಸಿದರು. ಎಡಕ್ಕೂ ಬಲಕ್ಕೂ ಸಮ. ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ ನೋಡೋಣ ಎಂದರು ಹೆಡ್‌ಮಿಸ್ಸು. "ಟೈರಿನದೇ ತಪ್ಪಾದ್ರೆ ಈಗ ಬಲಕ್ಕೆ ಎಳೀಬೇಕು." ಜ್ಯಾಕು ಕೊಟ್ಟು ಬದಲಾಯಿಸಿ ನೋಡಿದರೆ ಗಾಡಿ ಪುನಃ ಎಡಕ್ಕೇ. ಬ್ರೇಕು ಹಿಡಿದುಕೊಂಡಿದೆಯೇ ಎಂದು ಚಕ್ರಗಳನ್ನು ಎತ್ತಿ ಕೈಯಿಂದ ತಿರುಗಿಸಿ ನೋಡಿದರು. ಬುಗುರಿಯ ಹಾಗೆ ತಿರುಗಿದವು.

"ಹಾಗಾದ್ರೆ ಉಳಿದಿದ್ದು ಒಂದೇ" ಎಂದು ಮಾಸ್ಟರು ಎದ್ದು ನಿಂತರು. "ಚಕ್ರದ ನೋಟ ಸರಿ ಇಲ್ಲ. ನೂಲು ತನ್ನಿ."

ಇದು ಅವರ ರಾಜ್ಯ. ಕಾರಿನ ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ, ನಡುಮಟ್ಟಕ್ಕೆ, ಎರಡೂ ಪಕ್ಕದಲ್ಲಿ ಬಿಗಿಯಾಗಿ ನೂಲು ಎಳೆದು ಸ್ಟೂಲಿಗೆ ಕಟ್ಟಿದರು. ಹೆಡ್‌ಮಿಸ್ಸು ಒಂದು ತುದಿ ಹಿಡಿದು, ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗೆ ನಿಂತರು. ಮುಂದಿನ ಚಕ್ರದ ಮುಂಬದಿಗೂ ನೂಲಿಗೂ ಎಷ್ಟು ಸಂದು, ಹಿಂಬದಿಗೂ ನೂಲಿಗೂ ಎಷ್ಟು ಸಂದು, ಎರಡೂ ಸರಿಸುಮಾರು ಒಂದೇ ಇದ್ದರೆ ಚಕ್ರ ನೆಟ್ಟಗೆ ನೋಡುತ್ತಿದೆ ಎಂದರ್ಥ. ಮಾಸ್ಟರು ಟೇಪು ಹಿಡಿದು ಅಳೆದರು, ಕಿವಿಯ ಹಿಂದಿನ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದರು. ಆಮೇಲೆ ಅಡಿಗೆ ತೂರಿ, ಚಕ್ರವನ್ನು ಒಳಗೆ ಹೊರಗೆ ತಿರುಗಿಸುವ ಕಂಬಿಯ ನಟ್ಟು ಸಡಿಲಿಸಿ, ಎಡಚಕ್ರವನ್ನು ಗುರುತಿಗೆ ಸರಿಯಾಗಿ ತಂದು ಬಿಗಿದರು. ಮುಕ್ಕಾಲು ಗಂಟೆ ಅಡಿಯಲ್ಲಿ ಮಲಗಿ ಎದ್ದಾಗ ಮುಖಕ್ಕೆ ಗ್ರೀಸು, ಬಾಯಲ್ಲಿ ಗುಂಡುಸೂಜಿ.

"ಇನ್ನು ಇದು ಎಡಕ್ಕೆ ಹೋದ್ರೆ ನಾನು ಮಷೀನ್ ಮಾರಿಬಿಡ್ತೀನಿ" ಎಂದರು.

ಎಡಕ್ಕೆ ಹೋಗಲಿಲ್ಲ, ನಿಜ. ಸ್ಟೀರಿಂಗ್ ನೆಟ್ಟಗೆ ಹಿಡಿದು ಬಿಟ್ಟರೆ ಟೈರುಗಳು ಕಿರ್ರೆಂದು ಅಳುತ್ತ ಬಲಕ್ಕೆ ಹೊರಟವು. ಮಾಸ್ಟರು ಬ್ರೇಕು ಒತ್ತುವಷ್ಟರಲ್ಲಿ ಹೆಡ್‌ಮಿಸ್ಸಿನ ಮರದ ಬೇಲಿಯ ಎರಡು ಪಟ್ಟಿ ಕಾರಿನ ಮೇಲಿದ್ದವು.

ಬೀದಿಯ ರಾಜಕೀಯ ಒಂದೇ ಗಳಿಗೆಯಲ್ಲಿ ಬದಲಾಯಿತು. "ಏನೇ ಆಗ್ಲಿ, ಒಳ್ಳೇ ಸುಧಾರಣೆ" ಎಂದರು ಕಂಪೌಂಡರು. ಹೆಡ್‌ಮಿಸ್ಸು ನೂಲಿನ ತುದಿಯನ್ನು ಕೆಳಕ್ಕೆ ಎಸೆದರು.

"ಮಾಸ್ಟ್ರೇ, ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದೀನಿ. ನನ್ನ ನೂಲು ನೆಟ್ಟಗಿತ್ತು. ನಿಮ್ಮ ಅಳತೆ ತಪ್ಪು."

"ನನ್ನ ಅಳತೆ ತಪ್ಪಿದ್ದು ಈ ಬೀದೀಲಿ ಯಾರಾದ್ರೂ ನೋಡಿದೀರಾ?" ಮಾಸ್ಟರಿಗೆ ನಿಜವಾಗಿ ನೋವಾಗಿತ್ತು. ಕಾರು ಎಡಕ್ಕೆ ಹೋಗುತ್ತದೆ ಎಂದರೆ ತಡೆದುಕೊಂಡಾರು. ಅಳತೆ ತಪ್ಪು ಎಂದರೆ?

ಹೆಂಡತಿ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು. "ರೀ, ಹೊಲಿಗೆಗೆ ಎಷ್ಟು ಬಿಟ್ರಿ?"

"ಅರ್ಧ ಇಂಚು" ಎಂದರು ಮಾಸ್ಟರು ಥಟ್ಟನೆ. ಆಮೇಲೆ ನೆಲದ ಮೇಲಿನ ತಮ್ಮದೇ ಗುರುತನ್ನು ನೋಡಿದರು.

ಮೂವತ್ತೊಂದು ವರ್ಷ ಯಾವ ಅಳತೆ ತೆಗೆದರೂ, ಒಳಗೆ ಮಡಿಸಿ ಹೊಲಿಯಲು ಅರ್ಧ ಇಂಚು ಸೇರಿಸಿಯೇ ಗುರುತು ಹಾಕಿದ ಕೈ ಅದು. ಚಕ್ರ ಎಂದು ಅದಕ್ಕೆ ಯಾರು ಹೇಳಬೇಕು? ಚಕ್ರಕ್ಕೂ ಅರ್ಧ ಇಂಚು ಬಿಟ್ಟಿತ್ತು.

"ಚಕ್ರ ಎಷ್ಟು ದಪ್ಪ ಆದ್ರೂ ಬಿಚ್ಚಿ ಹೊಲೀಬಹುದಲ್ಲ, ಬಿಡಿ" ಎಂದು ಕಂಪೌಂಡರು ಸಮಾಧಾನ ಹೇಳಿದರು.

ಮೂರೂವರೆ. ಮಾಸ್ಟರು ಮತ್ತೆ ಅಡಿಗೆ ತೂರಿದರು. ಬೆನ್ನು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಆದರೆ ಅದಕ್ಕಿಂತ ಮೇಲೆ, ಕಾರು ಹೋದರೆ ನಾಳೆಯಿಂದ ಪುನಃ ಸೈಕಲ್ಲು ಎಂಬ ಯೋಚನೆ ಎದೆಯ ಮೇಲೆ ಕೂತಿತ್ತು. ಈ ಸಲ ಹೆಡ್‌ಮಿಸ್ಸು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ರತಿ ಅಳತೆಗೂ "ಹೊಲಿಗೆ ಬಿಟ್ಟು ಹೇಳಿ" ಎಂದು ಕೇಳಿಯೇ ಒಪ್ಪಿದರು. ಬೇಲಿ ಮುರಿದರೂ ಲೆಕ್ಕ ಅರ್ಧಕ್ಕೆ ಬಿಡುವವರಲ್ಲ ಅವರು. ನಾಲ್ಕೂ ಮುಕ್ಕಾಲಿಗೆ ಚಕ್ರಗಳು ನೂಲು ಹಿಡಿದ ಹಾಗೆ ನಿಂತವು. ಗುರುತುಗಳನ್ನು ನೋಡಿದ ಹೆಡ್‌ಮಿಸ್ಸು ಒಂದು ಮಾತು ಹೇಳಿದರು.

"ವಿಚಿತ್ರ. ಮಧ್ಯಾಹ್ನ ಮೊದಲು ಎಲ್ಲಿತ್ತೋ ಚಕ್ರ ಈಗಲೂ ಅಲ್ಲೇ ಬಂದು ನಿಂತಿದೆಯಲ್ಲ ಮಾಸ್ಟ್ರೇ."

"ಮೇಲೆ ನೋಡೋಕೆ ಹಾಗೆ ಕಾಣುತ್ತೆ ಮಿಸ್. ಒಳಗಿನ ಫಿನಿಶಿಂಗ್ ಬೇರೆ" ಎಂದರು ಮಾಸ್ಟರು.

ಪರೀಕ್ಷೆ ಮಾಡಿ ನೋಡಲು ಹೊತ್ತಿರಲಿಲ್ಲ. ಸರಿಯಾಗಿ ಐದಕ್ಕೆ ಬಾಮೈದ ಬಂದ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಡ್ರೈವಿಂಗ್ ಕಲಿಸುವವನಿಗೆಂದು ಪಕ್ಕದ ಸೀಟಿನ ಕೆಳಗೆ ಕೂರಿಸುವ ಇನ್ನೊಂದು ಜೊತೆ ಬ್ರೇಕು ಕ್ಲಚ್ಚು. ಅದನ್ನು ನೋಡಿದ ಮಾಸ್ಟರಿಗೆ ಮೈ ಉರಿಯಿತು. ಇನ್ನೂ ಪ್ರಾಣ ಹೋಗಿಲ್ಲ, ಆಗಲೇ ಚಟ್ಟ ತಂದಿದ್ದಾನೆ.

"ಭಾವ, ಶುರು ಮಾಡೋಣ್ವಾ? ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಕೂತ್ಕೋ. ಚೀಲ ಮನೇಲೇ ಬಿಡು, ವಾಪಸ್ ಹೊತ್ಕೊಂಡು ಹೋಗೋವಾಗ ಭಾರ ಆಗುತ್ತೆ."

ಎಡಸಾಲಿನವರು ಕುಂಡಗಳನ್ನು ಒಳಗಿಟ್ಟರು. ಮಧ್ಯಾಹ್ನದ ಪಾಠ ಕಲಿತ ಬಲಸಾಲಿನವರೂ ಒಳಗಿಟ್ಟರು. ಕಂಪೌಂಡರ ಒಂದೇ ಒಂದು ಕುಂಡ, ಎತ್ತಲಾರದಷ್ಟು ದೊಡ್ಡದು, ಹೊರಗೆ ಉಳಿಯಿತು. ಕಾರು ಹೊರಟಿತು. ಹೆದರಿಕೆಯಿಂದ ಮಾಸ್ಟರು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಅಮುಕಿ ಹಿಡಿದಿದ್ದರು. ಹತ್ತು ಮಾರು, ಇಪ್ಪತ್ತು ಮಾರು, ನೆಟ್ಟಗೆ ಹೋಯಿತು. ಹಿಂದೆ ಬೀದಿಯವರು ಚಪ್ಪಾಳೆ ತಟ್ಟುವುದು ಕೇಳಿಸಿತು. ಮಾಸ್ಟರಿಗೆ ನಿರಾಳವಾಯಿತು. ಭುಜ ಸಡಿಲವಾಯಿತು. ಎಂಜಿನ್ನು ಟಕಟಕಟಕ ಎಂದು ಹದವಾಗಿ ಓಡುತ್ತಿತ್ತು. ಆಹಾ, ಎಂಥ ಲಯ ಎಂದುಕೊಂಡರು.

ಕಾರು ಮೆಲ್ಲಗೆ ಎಡಕ್ಕೆ ಹೊರಟಿತು. ಬಾಮೈದ ಹ್ಯಾಂಡ್‌ಬ್ರೇಕು ಎಳೆದ. ಕುಂಡಕ್ಕೂ ಕಾರಿಗೂ ಎರಡು ಬೆರಳು ಸಂದು ಉಳಿಯಿತು.

ಜನ ಓಡಿ ಬಂದು ಕಾರಿನ ಸುತ್ತ ನಿಂತರು. ಮಾಸ್ಟರು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಬಾಮೈದ ಮಾತ್ರ ಮಾಸ್ಟರ ಕೈಯನ್ನೇ ನೋಡುತ್ತಿದ್ದ.

"ಭಾವ, ಗೇರು ತೆಗೀರಿ. ಎಂಜಿನ್ ಓಡ್ತಾ ಇರ್ಲಿ. ಈಗ ಸ್ಟೀರಿಂಗ್ ಬಿಟ್ಟು ಕೈ ತೊಡೆ ಮೇಲಿಟ್ಕೊಳ್ಳಿ. ಕಣ್ಣು ಮುಚ್ಚಿ ಸುಮ್ನೆ ಕೂತಿರಿ."

"ಯಾಕೋ?"

"ಕೂತಿರಿ ಭಾವ."

ಸೋತವನಿಗೆ ಇನ್ನೇನು ಹಟ. ಮಾಸ್ಟರು ಕಣ್ಣು ಮುಚ್ಚಿ ಕೂತರು. ಎಂಜಿನ್ನು ಟಕಟಕಟಕ ಎನ್ನುತ್ತಿತ್ತು. ಹೊರಗಿನವರೆಲ್ಲ ಕಿಟಕಿಗೆ ಮುಖ ಒತ್ತಿದರು. ಸ್ವಲ್ಪ ಹೊತ್ತಿಗೆ ಮಾಸ್ಟರ ಎಡಗೈ ತೊಡೆಯ ಮೇಲೆ ಪ್ಯಾಂಟಿನ ಬಟ್ಟೆಯನ್ನು ಹಗುರಾಗಿ ಚಿವುಟಿ ಹಿಡಿಯಿತು. ಆಮೇಲೆ ಸುಕ್ಕು ಬೀಳದ ಹಾಗೆ ಮೆಲ್ಲಗೆ, ಎಡಕ್ಕೆ ಎಳೆಯತೊಡಗಿತು. ಕೆಳಗೆ ಬಲಗಾಲು ಒಂದು ಸಲ ಮುಂದೆ ಒಂದು ಸಲ ಹಿಂದೆ ತೂಗುತ್ತಿತ್ತು. ಅದರ ಲಯಕ್ಕೆ ಎಂಜಿನ್ನು ಏರಿತು, ಇಳಿಯಿತು.

"ಹೊಲೀತಾ ಇದಾರೆ" ಎಂದರು ಹೆಡ್‌ಮಿಸ್ಸು ಪಿಸುಮಾತಿನಲ್ಲಿ.

ಮಾಸ್ಟರು ಕಣ್ಣು ಬಿಟ್ಟು ತಮ್ಮ ಕೈ ನೋಡಿಕೊಂಡರು. ಅದು ಇನ್ನೂ ಎಳೆಯುತ್ತಲೇ ಇತ್ತು.

"ಗಾಡಿ ಎಳೀತಾ ಇಲ್ಲ ಭಾವ" ಎಂದ ಬಾಮೈದ. "ನೀವು ಎಳೀತಾ ಇದೀರಿ. ಗಾಡಿ ಯಾವತ್ತೂ ನೆಟ್ಟಗೇ ಇತ್ತು. ಎಂಜಿನ್ ಸರಿ ಮಾಡಿದ್ದೇ ತಪ್ಪಾಯ್ತು ನೋಡಿ, ಈಗ ಶಬ್ದ ನಿಮ್ಮ ಮಷೀನಿಂದೇ."

"ಅಂತೂ ನೆಲ ಡೊಂಕಲ್ಲ" ಎಂದರು ಕಂಪೌಂಡರು ಆಕಾಶ ನೋಡುತ್ತ.

ಬೇರೆಯವರಾಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಮಾಸ್ಟರು ಗ್ರೀಸು ಮೆತ್ತಿದ ಮುಖವನ್ನು ಒರೆಸಿಕೊಂಡು, ಒಂದು ಗಳಿಗೆ ಯೋಚಿಸಿ, ಬಾಗಿಲು ತೆರೆದು ಇಳಿದರು.

"ಸರಿ. ಗಾಡಿ ನೆಟ್ಟಗಿದೆ ಅಂತ ನೀನೇ ಒಪ್ಕೊಂಡೆ. ನಿಮ್ಮಕ್ಕ ಷರತ್ತು ಹಾಕಿದ್ದು ಗಾಡಿಗೆ, ಡ್ರೈವರಿಗಲ್ಲ. ಗಾಡಿ ನೆಟ್ಟಗೆ ಹೋದ್ರೆ ಇಲ್ಲೇ ಇರುತ್ತೆ ಅಂದಿದಾಳೆ. ಯಾರಾದ್ರೂ ಓಡಿಸಿ ತೋರಿಸ್ಲಿ."

ಈ ಮಾತಿಗೆ ಬೀದಿ ತಲೆದೂಗಿತು. ಬಾಮೈದ ಕೈಕಟ್ಟಿದ. "ನಾನಂತೂ ಓಡಿಸಲ್ಲಪ್ಪ. ಗಾಡಿ ಬೇಕಾಗಿರೋನು ನಾನು."

ಮಾಸ್ಟರು ಕಂಪೌಂಡರನ್ನು ನೋಡಿದರು. ಅವರಿಗೆ ಬರುತ್ತಿರಲಿಲ್ಲ. ಹೆಡ್‌ಮಿಸ್ಸನ್ನು ನೋಡಿದರು. ಅವರಿಗೂ ಬರುತ್ತಿರಲಿಲ್ಲ. ಬೀದಿಯಲ್ಲಿ ಓಡಿಸಲು ಬರುವವರೆಲ್ಲ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಗೆದ್ದ ಆಟ ಕೈತಪ್ಪಿ ಹೋಗುವುದರಲ್ಲಿತ್ತು.

ಆಗ ಹೆಂಡತಿ ಮೆಟ್ಟಿಲಿಳಿದು ಬಂದಳು. ಜನರ ನಡುವೆ ದಾರಿ ಮಾಡಿಕೊಂಡು, ಕಾರು ಹತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ತಿರುಗಿಸಿಕೊಂಡಳು. ಕುಂಡದ ಪಕ್ಕದಿಂದ ಹಿಂದಕ್ಕೆ ತೆಗೆದಳು. ಮನೆಯ ಬಾಗಿಲವರೆಗೂ ಹಿಂದಕ್ಕೇ ಹೋಗಿ, ಅಲ್ಲಿಂದ ಹೊರಟು, ಬೀದಿಯ ನಟ್ಟನಡುವೆ, ಬಟ್ಟೆಯ ಮೇಲೆ ಗೀಟು ಎಳೆದ ಹಾಗೆ ಟಪಾಲು ಡಬ್ಬಿಯವರೆಗೆ ಹೋದಳು. ಹಿಂದಿನ ರಸ್ತೆಯಿಂದ ಸುತ್ತಿ ಬಂದು ಮಾಸ್ಟರ ಮುಂದೆ ನಿಲ್ಲಿಸಿದಳು. ಕಾರು ಒಮ್ಮೆಯೂ ತೂಗಲಿಲ್ಲ.

ಮಾಸ್ಟರು ಕಿಟಕಿಗೆ ಬಗ್ಗಿದರು. "ನೀನು ಯಾವಾಗ..."

ಹೆಂಡತಿ ಬರುವಾಗ ತಂದಿದ್ದ ಗುಂಡಿ ಡಬ್ಬಿಯ ಮುಚ್ಚಳ ತೆರೆದು ಕಿಟಕಿಯಿಂದ ಚಾಚಿದಳು. ಅಂಗಿಯ ಗುಂಡಿಗಳ ಮೇಲೆ ಹೊಚ್ಚಹೊಸ ಲೈಸೆನ್ಸು ಮಲಗಿತ್ತು.

"ದಿನಾ ಮಧ್ಯಾಹ್ನ ಎಲ್ಲಿಗೆ ಹೋಗ್ತೀನಿ ಅಂತಿದ್ದೆ?"

"ತಮ್ಮನ ಮನೆಗೆ."

"ಮತ್ತೆ? ನಾನು ಸುಳ್ಳೇನಾದ್ರೂ ಹೇಳಿದ್ನಾ?"

ಬಾಮೈದ ಚೀಲ ಎತ್ತಿಕೊಂಡ. "ನಾನು ಕಲಿಸಿ ನನಗೇ ಗಾಡಿ ತಪ್ಪಿಸ್ಕೊಂಡೆ" ಎಂದು ನಗುತ್ತ ಹೊರಟ. ಅವನ ಬೆನ್ನು ನೋಡಿದಾಗ ಮಾಸ್ಟರಿಗೆ ಬೆಳಗಿನಿಂದ ಹಿಡಿದಿಟ್ಟ ಉಸಿರು ಒಮ್ಮೆಲೇ ಹೊರಬಂತು. ಕಾರು ಉಳಿಯಿತು. ಮನೆಯಲ್ಲೇ ಉಳಿಯಿತು. ಸಂತೋಷ ತಡೆಯಲಾರದೆ ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿ, "ಇಳಿ, ಇಳಿ. ಹೆಡ್‌ಮಿಸ್ ಬೇಲಿ ಪಟ್ಟಿ ತಂದ್ಕೊಡ್ಬೇಕು, ಸಂಜೆ ಡೆಲಿವರಿ ಬೇರೆ ಇದೆ" ಎಂದು ಡ್ರೈವರ್ ಬಾಗಿಲಿಗೆ ಕೈ ಹಾಕಿದರು. ಬಾಗಿಲು ಒಳಗಿನಿಂದ ಲಾಕಾಗಿತ್ತು.

"ಹಿಂದೆ ಕೂತ್ಕೊಳ್ಳಿ" ಎಂದಳು ಹೆಂಡತಿ.

"ಹಿಂದೆ ಯಾಕೆ? ಪಕ್ಕದಲ್ಲಿ ಕೂತ್ಕೋತೀನಿ."

"ಪಕ್ಕದಲ್ಲಿ ಗೇರಿದೆ, ಹ್ಯಾಂಡ್‌ಬ್ರೇಕಿದೆ. ನಿಮ್ಮ ಕೈಗೆ ಸಿಗೋ ಹಾಗೆ ಏನೂ ಇರ್ಬಾರ್ದು. ಬೇಲಿ ಪಟ್ಟಿ ತಂದು ಬರೋಣ ಬನ್ನಿ. ನಾಳೆಯಿಂದ ಡೆಲಿವರಿ ಎಲ್ಲ ನಾನೇ ನೋಡ್ಕೋತೀನಿ. ನೀವು ಎಲ್ಲಿಗೂ ಓಡಾಡೋದು ಬೇಡ, ನೆಮ್ಮದಿಯಾಗಿ ಮಷೀನ್ ತುಳ್ಕೊಂಡು ಕೂತಿರಿ."

ಬೀದಿಯವರೆಲ್ಲ ಎಷ್ಟು ಒಳ್ಳೆಯ ಹೆಂಗಸು ಎಂಬಂತೆ ಅವಳನ್ನು ನೋಡಿದರು. ಮಾಸ್ಟರು ಹಿಂದಿನ ಬಾಗಿಲು ತೆರೆದು, ತಾವೇ ಕವರು ಹೊಲಿದ ಸೀಟಿನ ನಡುವೆ ಕೂತರು.

ಕಾರು ಹೊರಟಿತು. ಕಂಪೌಂಡರು ಕೈಬೀಸಿದರು. ಮನೆಗಳು ಎರಡೂ ಪಕ್ಕದಲ್ಲಿ ಹಿತವಾಗಿ ಸರಿದವು. ಮೂವತ್ತೊಂದು ವರ್ಷ ಕಂಡ ಕನಸು ಇದೇ ಅಲ್ಲವೇ, ತಾನು ಕೂತಿರಬೇಕು, ಗಾಡಿ ತಾನಾಗಿ ಹೋಗಬೇಕು. ಹೋಗುತ್ತಿತ್ತು. ಎಂಜಿನ್ನು ಟಕಟಕಟಕ ಎನ್ನುತ್ತಿತ್ತು. ಕಾಲುಗಳು ಯಾರೂ ಹೇಳದೆ ತುಳಿಯತೊಡಗಿದವು. ಪರ್ ಎಂದು ಏನೋ ಹರಿದ ಸದ್ದಾಯಿತು.

ಹೆಂಡತಿ ಕನ್ನಡಿಯಲ್ಲಿ ನೋಡಿದಳು. "ಏನ್ರೀ ಅದು?"

ಮಾಸ್ಟರು ಎಡಗೈಯಲ್ಲಿದ್ದ ಬೂದು ಬಟ್ಟೆಯ ತುಂಡನ್ನು ನೋಡಿದರು. ಸೀಟಿನ ಕವರು ಉದ್ದಕ್ಕೂ ಬಾಯಿ ಬಿಟ್ಟಿತ್ತು.

"ಏನಿಲ್ಲ. ಸೀಟಿನ ಹೊಲಿಗೆ ಬಿಟ್ಟುಕೊಂಡಿದೆ."

"ಅದ್ಹೇಗೆ? ಹೊಲಿಗೆಗೆ ಅರ್ಧ ಇಂಚು ಬಿಟ್ಟಿರ್ಲಿಲ್ವಾ?"

ಮಾಸ್ಟರು ಕಿಟಕಿಯಿಂದ ಹೊರಗೆ ನೋಡಿದರು.

"ಬಿಟ್ಟಿದ್ದೆ" ಎಂದರು. "ಚಕ್ರಕ್ಕೆ."